ಬಳೆಗಾರರ ಗುಂಡಿನ ಮೇಲೊಂದು ಅಪ್ಪಣೆ

ಜಟಿಂಗ ರಾಮೇಶ್ವರನ ಬೆಟ್ಟ ಹತ್ತುವವರ ಕಣ್ಣೆಲ್ಲ ತುದಿಯ ಗುಡಿಯ ಮೇಲೆ. ಮೆಟ್ಟಿಲ ಬಳಿ ನೆಲಕ್ಕೆ ಹಾಸಿದಂತಿರುವ ಬಂಡೆಯೊಂದನ್ನು ನೋಡದೆ ದಾಟಿಬಿಡುವವರೇ ಹೆಚ್ಚು. ಜನ ಅದಕ್ಕಿಟ್ಟ ಹೆಸರು ಬಳೆಗಾರರ ಗುಂಡು. ಜಾತ್ರೆಗೆ ಬಂದ ಬಳೆಗಾರರು ಮಲಾರ ಇಳಿಸಿ ಅಂಗಡಿ ಹೂಡುತ್ತಿದ್ದುದು ಅದರ ಮೇಲೆಯೇ. ಕೂತವರ, ನಿಂತವರ, ಕೈಯೊಡ್ಡಿ ಬಳೆ ತೊಡಿಸಿಕೊಂಡವರ ಅಡಿಯಲ್ಲಿ ಸುಮಾರು 2,250 ವರ್ಷ ಹಳೆಯ ಬ್ರಾಹ್ಮಿ ಅಕ್ಷರಗಳಿದ್ದವು. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಈ ಬಂಡೆಯನ್ನೂ ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರದ ಬಂಡೆಗಳನ್ನೂ ಬೆಳಕಿಗೆ ತಂದಾಗ ಮೊಳಕಾಲ್ಮೂರಿನ ಸೀಮೆ ಅಶೋಕನ ಆಳ್ವಿಕೆಯ ನಕ್ಷೆಗೆ ಸೇರಿತು. ಬಳೆಗಾರರ ಗುಂಡು ತೀರ ಸವೆದಿದೆ. ಇಲ್ಲಿ ಅಳಿಸಿಹೋದದ್ದನ್ನು ಬ್ರಹ್ಮಗಿರಿಯ ಪ್ರತಿಯನ್ನು ಪಕ್ಕಕ್ಕಿಟ್ಟುಕೊಂಡೇ ಓದಬೇಕು.

ಓದಿದರೆ ಅದು ಅಚ್ಚುಕಟ್ಟಾದ ಕಚೇರಿ ಪತ್ರ. ಸುವರ್ಣಗಿರಿಯಲ್ಲಿರುವ ಆರ್ಯಪುತ್ರ (ರಾಜಕುಮಾರ) ಮತ್ತು ಅಲ್ಲಿನ ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಇಸಿಲದ ಮಹಾಮಾತ್ರರಿಗೆ ಬರೆಸಿದ್ದು. ಮೊದಲು ಮೇಲಿನವರು ಕೆಳಗಿನವರ ಆರೋಗ್ಯ ವಿಚಾರಿಸುತ್ತಾರೆ. ಆಮೇಲೆ ದೊರೆಯ ಮಾತು. ದೊಡ್ಡ ಕಚೇರಿಯಿಂದ ಶಾಖೆಗೆ ಬರುವ ಇಂದಿನ ಸುತ್ತೋಲೆಯೂ ಹೆಚ್ಚುಕಡಿಮೆ ಹೀಗೆಯೇ ಶುರುವಾಗುತ್ತದೆ. ಮುಂದಿನ ಸಾಲಿಗೆ ಬಂದಾಗ ಮಾತ್ರ ಓದುಗ ತಡೆದು ನಿಲ್ಲಬೇಕು. ತಾನು ಉಪಾಸಕನಾಗಿ ಎರಡೂವರೆ ವರ್ಷವಾಯಿತು, ಅದರಲ್ಲಿ ಒಂದು ವರ್ಷ ಮನಸ್ಸಿಟ್ಟು ಶ್ರಮಪಡಲಿಲ್ಲ, ಬೌದ್ಧ ಸಂಘದ ಹತ್ತಿರ ಬಂದ ಮೇಲೆಯೇ ಶ್ರಮಪಟ್ಟೆ ಎಂದು ದೊರೆ ಹೇಳಿಕೊಳ್ಳುತ್ತಾನೆ. ತನ್ನ ಒಂದು ವರ್ಷದ ಸೋಮಾರಿತನವನ್ನು ತನ್ನ ಕೈಕೆಳಗಿನ ಅಧಿಕಾರಿಗಳಿಗೆ ಕಳಿಸುವ ಅಪ್ಪಣೆಯಲ್ಲೇ ಬರೆಸಿ ಕಲ್ಲಿನಲ್ಲಿ ಕೆತ್ತಿಸಿದ ಒಡೆಯ ಇವನು. ಹೀಗೆ ಒಪ್ಪಿಕೊಂಡ ಮೇಲೆಯೇ, ಈ ಶ್ರಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಿಗುತ್ತದೆ, ಇಬ್ಬರೂ ಶ್ರಮಿಸಲಿ ಎನ್ನುತ್ತಾನೆ.

ಒಡೆಯನ ತಪ್ಪನ್ನು ಕೆಲಸದವನು ಎತ್ತಿ ಹೇಳಿದರೆ ಒಡೆಯ ಏನು ಮಾಡಬೇಕು? ದುಡಿಯುವ ಜಾಗದಲ್ಲಿ ನಾಡಿನ ರಾಜಕೀಯದ ಮಾತು ಬಂದರೆ ಬಾಯಿ ಮುಚ್ಚಿಸಬೇಕೆ, ಬಿಡಬೇಕೆ? ಈ ಪ್ರಶ್ನೆಗಳನ್ನು ಇಂದು ಕಂಪನಿಗಳ ಸಿಬ್ಬಂದಿ ವಿಭಾಗಕ್ಕೆ ಬಿಟ್ಟುಕೊಟ್ಟಿದ್ದೇವೆ. ಇವು ಮೂಲದಲ್ಲಿ ಧರ್ಮದ ಪ್ರಶ್ನೆಗಳು. ಮಾತಿನ ಸಂಯಮ ಯಾರ ವ್ರತ? ಆಡುವವನದೋ, ಆಳುವವನದೋ?

ಅಮೆರಿಕದ ಕಾಯಿನ್‌ಬೇಸ್ ಕಂಪನಿಯ ಮುಖ್ಯಸ್ಥ ಬ್ರಯಾನ್ ಆರ್ಮ್‌ಸ್ಟ್ರಾಂಗ್ 2020ರ ಸೆಪ್ಟೆಂಬರಿನಲ್ಲಿ, ಕೆಲಸಕ್ಕೆ ಸಂಬಂಧಪಡದ ರಾಜಕೀಯ ಚರ್ಚೆ ಕಚೇರಿಯಲ್ಲಿ ಬೇಡ ಎಂದರು. ಒಪ್ಪದವರು ಪರಿಹಾರ ಪಡೆದು ಹೊರಡಬಹುದು ಎಂದರು. ಸುಮಾರು 60 ಜನ, ಅಂದರೆ ನೂರಕ್ಕೆ ಐವರು, ಹೊರಟರು. ಮರುವರ್ಷ ಏಪ್ರಿಲ್‌ನಲ್ಲಿ ಬೇಸ್‌ಕ್ಯಾಂಪ್ ಎಂಬ ಸಣ್ಣ ಕಂಪನಿಯೂ ಅದೇ ದಾರಿ ಹಿಡಿಯಿತು. ಅಲ್ಲಿ ಜಗಳಕ್ಕೆ ಮೂಲ ದೇಶದ ಚುನಾವಣೆಯಲ್ಲ, ಗ್ರಾಹಕರ ಹೆಸರುಗಳನ್ನು ಹಾಸ್ಯ ಮಾಡಲು ಒಳಗಿನವರೇ ವರ್ಷಗಟ್ಟಲೆ ಇಟ್ಟುಕೊಂಡಿದ್ದ ಒಂದು ಪಟ್ಟಿ. ಅದು ತಪ್ಪು ಎಂದು ನೌಕರರು ಒಡೆಯರನ್ನೇ ಪ್ರಶ್ನಿಸಿದ ಮೇಲೆ ನಿಷೇಧ ಬಂತು. ಕೆಲವೇ ದಿನಗಳಲ್ಲಿ ಮೂರರಲ್ಲೊಂದು ಪಾಲು ಜನ ಕೆಲಸ ಬಿಟ್ಟರು. ‘ರಾಜಕೀಯ’ ಎಂಬ ಪದ ಇಲ್ಲಿ ಎಷ್ಟು ಸುಲಭವಾಗಿ ಹಿಗ್ಗುತ್ತದೆ ನೋಡಿ. ಒಡೆಯನಿಗೆ ಚುಚ್ಚಿದ ಮಾತೂ ಕೊನೆಗೆ ಅದರೊಳಗೆ ಸೇರಿಬಿಡುತ್ತದೆ.

ನಿಷೇಧದ ಪರವಾಗಿ ಹೇಳುವುದಕ್ಕೂ ನ್ಯಾಯವಾದ ಮಾತಿದೆ. ಎಂಟು ಗಂಟೆ ಒಂದೇ ಕೋಣೆಯಲ್ಲಿ ಕೂರಬೇಕಾದವರು ಪಕ್ಷದ ಹೆಸರಿನಲ್ಲಿ ಕಿತ್ತಾಡಿದರೆ ಕೆಲಸ ಕೆಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಮೇಲಧಿಕಾರಿಯ ಪಕ್ಷಕ್ಕೆ ಓಟು ಹಾಕದವನು ಊಟದ ಮೇಜಿನಲ್ಲಿ ತಲೆ ತಗ್ಗಿಸಿ ಕೂರಬೇಕಾಗುತ್ತದೆ. ಅವನ ಪಾಲಿಗೆ ಮೌನವೇ ಆಸರೆ. ಈ ಕಷ್ಟ ಅಶೋಕನಿಗೂ ಗೊತ್ತಿತ್ತು. ಹಲವು ಪಂಥಗಳ ಜನ ಒಂದೇ ರಾಜ್ಯದಲ್ಲಿ ಬಾಳಬೇಕಿತ್ತು. ಅವನ ಹನ್ನೆರಡನೆಯ ಬಂಡೆ ಶಾಸನ ಇದಕ್ಕೆ ಕೊಟ್ಟ ಮದ್ದು ‘ವಚಿಗುತಿ’, ಮಾತಿನ ಕಾವಲು. ಆ ಶಾಸನದ ಒಂದು ಪ್ರತಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಸಿಕ್ಕಿತು. ಶಾಸನದ ಚಪ್ಪಡಿ ದೇವಿಯ ವಿಗ್ರಹಕ್ಕೆ ಪೀಠವಾಗಿತ್ತು.

ಆ ಕಾವಲನ್ನು ಅವನು ಎಲ್ಲಿ ನಿಲ್ಲಿಸುತ್ತಾನೆ ಎಂಬುದೇ ಮುಖ್ಯ. ತನ್ನ ಪಂಥವನ್ನು ಹೊಗಳುವಾಗ, ಪರರದನ್ನು ಕಾರಣವಿಲ್ಲದೆ ತೆಗಳುವಾಗ ನಾಲಿಗೆ ಹಿಡಿತದಲ್ಲಿರಲಿ ಎನ್ನುತ್ತಾನೆ. ಕಾರಣವಿದ್ದಲ್ಲೂ ಮಾತು ಹಗುರವಾಗಿರಲಿ ಎನ್ನುತ್ತಾನೆ. ಆಡಲೇಬೇಡ ಎನ್ನುವುದಿಲ್ಲ. ಅಷ್ಟಕ್ಕೇ ಬಿಡದೆ, ಎಲ್ಲರೂ ಒಟ್ಟಿಗೆ ಸೇರಬೇಕು, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು, ಕೇಳುವ ಮನಸ್ಸಿರಬೇಕು ಎನ್ನುತ್ತಾನೆ. ಸಂಯಮ ಮತ್ತು ಕೇಳುವಿಕೆ ಅಲ್ಲಿ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು. ಇಂದಿನ ಒಡೆಯರು ಒಂದೆತ್ತನ್ನು ಮಾತ್ರ ಹೊಡೆದುಕೊಂಡು ಬಂದಿದ್ದಾರೆ.

ಕೇಳುವ ಹೊಣೆಯನ್ನು ಅವನು ತನ್ನ ಮೇಲೂ ಹಾಕಿಕೊಂಡಿದ್ದ. ಗಡಿಯಾಚೆ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ಇರುವ ಆರನೆಯ ಬಂಡೆ ಶಾಸನದ ಪ್ರಕಾರ, ವರದಿ ತರುವವರು ಅವನು ಊಟಕ್ಕೆ ಕೂತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಬಂದು ಜನರ ವಿಷಯ ತಿಳಿಸಬಹುದು. ತಾನು ಬಾಯಿಮಾತಿನಲ್ಲಿ ಕೊಟ್ಟ ಅಪ್ಪಣೆಯ ಬಗ್ಗೆ ಪರಿಷತ್ತಿನಲ್ಲಿ ವಿವಾದ ಎದ್ದರೆ ಅದನ್ನಂತೂ ತಡಮಾಡದೆ ತಿಳಿಸಬೇಕು. ತನ್ನ ಮಾತಿಗೆ ಎದುರು ಬಂದ ಮಾತು ಮೊದಲು ತನ್ನ ಕಿವಿಗೇ ಬೀಳಲಿ ಎಂದು ದೊರೆಯೊಬ್ಬ ಕಲ್ಲಿನಲ್ಲಿ ಬರೆಸಿದ್ದು ಸಣ್ಣ ಸಂಗತಿಯಲ್ಲ.

ಹಾಗಂತ ಅಶೋಕನನ್ನು ಪೀಠದ ಮೇಲೆ ಕೂರಿಸಿ ಕೈಮುಗಿದರೆ ಅರ್ಧ ಸತ್ಯ ಮುಚ್ಚಿಹೋಗುತ್ತದೆ. ಸಾಂಚಿ, ಸಾರನಾಥ, ಕೌಶಾಂಬಿಯ ಶಾಸನಗಳಲ್ಲಿ ಇದೇ ದೊರೆ ಬೇರೆ ದನಿಯಲ್ಲಿ ಮಾತಾಡುತ್ತಾನೆ. ಸಂಘವನ್ನು ಒಡೆಯುವ ಭಿಕ್ಷುವಾಗಲಿ ಭಿಕ್ಷುಣಿಯಾಗಲಿ ಕಾವಿ ಕಳಚಿ ಬಿಳಿ ಬಟ್ಟೆ ಉಡಬೇಕು, ವಿಹಾರದ ಹೊರಗೆ ಇರಬೇಕು. ಯಾವ ಮಾತು ಭಿನ್ನಮತ, ಯಾವುದು ಒಡಕು ಎಂದು ತೀರ್ಮಾನಿಸುವವರು ಯಾರು? ಶಾಸನ ಅದನ್ನು ಹೇಳುವುದಿಲ್ಲ. ಅಧಿಕಾರ ಇದ್ದವರೇ ತೀರ್ಮಾನಿಸಿದ್ದಾರು.

‘ಒಡಕು’ ಎಂಬ ಈ ಪದಕ್ಕೆ ಆಯುಸ್ಸು ಬಹಳ. 2022ರ ಏಪ್ರಿಲ್‌ನಲ್ಲಿ ಗೂಗಲ್ ಕಂಪನಿಯೊಳಗೆ ದಲಿತ ಹೋರಾಟಗಾರ್ತಿ ತೇನ್‌ಮೊಳಿ ಸೌಂದರರಾಜನ್ ಅವರು ಜಾತಿಯ ಬಗ್ಗೆ ಮಾತಾಡಬೇಕಿತ್ತು. ನೌಕರರಲ್ಲೇ ಕೆಲವರು ವಿರೋಧಿಸಿದರು, ಮಾತು ರದ್ದಾಯಿತು. ಆ ಸಂವಾದ ಜನರನ್ನು ಕೂಡಿಸುವ ಬದಲು ಒಡೆಯುತ್ತಿತ್ತು ಎಂಬುದು ಕಂಪನಿ ಕೊಟ್ಟ ಕಾರಣ. ಅದನ್ನು ಏರ್ಪಡಿಸಿದ್ದ ತನುಜಾ ಗುಪ್ತಾ ರಾಜೀನಾಮೆ ಕೊಟ್ಟರು. ಜಾತಿ ಭಾರತೀಯ ಎಂಜಿನಿಯರ್‌ಗಳ ಜೊತೆಯೇ ಕಡಲು ದಾಟಿದೆ. ಅದನ್ನು ಅನುಭವಿಸಿದವರ ಪಾಲಿಗೆ ಒಡಕು ಮಾತಾಡುವುದಕ್ಕೆ ಮೊದಲೇ ಇತ್ತು. ಮಾತು ಅದನ್ನು ಉಳಿದವರಿಗೂ ಕಾಣಿಸುತ್ತಿತ್ತು, ಅಷ್ಟೆ.

ಅಶೋಕ ಹತ್ತಿರ ಹೋದ ಆ ಸಂಘದೊಳಗೇ ಇದಕ್ಕಿಂತ ಹದವಾದ ಪದ್ಧತಿಯೊಂದು ಇತ್ತು. ಮಳೆಗಾಲದ ವಾಸ ಮುಗಿದ ದಿನ ನಡೆಯುವ ‘ಪವಾರಣಾ’. ಅಂದು ಭಿಕ್ಷು ಉತ್ತರೀಯವನ್ನು ಒಂದು ಹೆಗಲಿಗೆ ಸರಿಸಿ, ಕುಕ್ಕರುಗಾಲಲ್ಲಿ ಕೂತು, ಕೈಮುಗಿದು ಸಂಘವನ್ನು ಬೇಡಿಕೊಳ್ಳುತ್ತಾನೆ: ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಬರಿಯ ಅನುಮಾನ ಬಂದಿದ್ದರೂ ಕರುಣೆಯಿಟ್ಟು ಹೇಳಿ. ಹೀಗೆ ಮೊದಲು ಕುಕ್ಕರಿಸುವವನು ಅತಿ ಹಿರಿಯ. ಎಳೆಯ ಭಿಕ್ಷುವಿನ ಸರದಿ ಕೊನೆಗೆ. ಇಂಥ ಒಂದು ಪವಾರಣೆಯಲ್ಲಿ ಬುದ್ಧನೇ, ತನ್ನ ನಡೆಯಲ್ಲೋ ನುಡಿಯಲ್ಲೋ ದೋಷವಿದ್ದರೆ ಹೇಳಿ ಎಂದು ಶಿಷ್ಯರನ್ನು ಕೇಳಿದ ಪ್ರಸಂಗ ಪಾಲಿ ಸೂತ್ರಗಳಲ್ಲಿದೆ. ಎಲ್ಲರ ಎದುರು ಕುಕ್ಕರಿಸಿದವನ ಮೊಣಕಾಲು ನೋಯುತ್ತದೆ, ಬೆನ್ನು ಬಾಗುತ್ತದೆ. ಎತ್ತರದ ಪೀಠದಲ್ಲಿ ಕೂತು, ಮೊದಲೇ ಆರಿಸಿಕೊಟ್ಟ ಚೀಟಿಯ ಪ್ರಶ್ನೆಗಳಿಗೆ ಉತ್ತರಿಸುವ ಕಂಪನಿ ಸಭೆಗೂ ಇದಕ್ಕೂ ಇರುವ ಅಂತರ ದೇಹದಲ್ಲೇ ಗೊತ್ತಾಗುತ್ತದೆ.

ಕೇಳುವವರಿಲ್ಲದ ಮಾತು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕರ್ನಾಟಕ ಕಣ್ಣಾರೆ ಕಂಡಿದೆ. 2020ರ ಡಿಸೆಂಬರ್ 12ರ ಬೆಳಿಗ್ಗೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯ ಗಾಜುಗಳು ಒಡೆದವು, ವಾಹನಗಳು ಉರುಳಿದವು. ಗುತ್ತಿಗೆ ಕಾರ್ಮಿಕರ ಸಂಬಳ ಕಡಿತವಾಗಿತ್ತು, ತಡವಾಗಿತ್ತು. ಕಲ್ಲು ಎಸೆದದ್ದನ್ನು ಯಾರೂ ಸಮರ್ಥಿಸಬೇಕಿಲ್ಲ. ಒಂದು ವಾರದೊಳಗೆ ವಿಸ್ಟ್ರಾನ್ ತಾನೇ, ಕೆಲವರಿಗೆ ಸರಿಯಾಗಿ, ಸಕಾಲದಲ್ಲಿ ಸಂಬಳ ಹೋಗಿರಲಿಲ್ಲ ಎಂದು ಒಪ್ಪಿಕೊಂಡು ಕ್ಷಮೆ ಕೇಳಿತು, ಭಾರತದ ಹೊಣೆ ಹೊತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆಪಲ್ ಅದಕ್ಕೆ ಹೊಸ ಕೆಲಸ ಕೊಡುವುದನ್ನು ನಿಲ್ಲಿಸಿತು. ಗಾಜು ಒಡೆದ ಮೇಲೆ ಒಪ್ಪಿಕೊಂಡ ಮಾತನ್ನು ಗಾಜು ಇರುವಾಗಲೇ ಕೇಳಿಸಿಕೊಳ್ಳಬಹುದಿತ್ತು.

ಬೆಂಗಳೂರಿನ ಐ.ಟಿ. ಕಂಪನಿಗಳಿಗೆ ರಾಜ್ಯ ಸರ್ಕಾರ, ಕೆಲಸದ ನಿಯಮಗಳನ್ನು ಬರಹದಲ್ಲಿ ಗೊತ್ತುಪಡಿಸಬೇಕೆನ್ನುವ ಸ್ಥಾಯಿ ಆದೇಶಗಳ ಕಾನೂನಿನಿಂದ 2014ರಲ್ಲಿ ವಿನಾಯಿತಿ ಕೊಟ್ಟಿತು, 2019ರಲ್ಲೂ 2024ರಲ್ಲೂ ಮುಂದುವರಿಸಿತು. ಅದರ ಷರತ್ತುಗಳಲ್ಲೊಂದು, ಆಡಳಿತದವರೂ ನೌಕರರೂ ಸಮಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ. ಕಾಗದದ ಮೇಲೆ ಇದು ಒಳ್ಳೆಯ ಏರ್ಪಾಡು. ಆದರೆ ಪವಾರಣೆಯ ಜೀವ ಸಂಖ್ಯೆಯಲ್ಲಿ ಇರಲಿಲ್ಲ, ಹಿರಿಯ ಮೊದಲು ಬಾಗುವುದರಲ್ಲಿತ್ತು. ಅದನ್ನು ಯಾವ ಅಧಿಸೂಚನೆಯೂ ತರಿಸಲಾರದು. ಬಳೆಗಾರರ ಗುಂಡಿನ ದೊರೆಯಂತೆ ಒಡೆಯನೇ ಮನಸ್ಸು ಮಾಡಬೇಕು.

ಬೆಟ್ಟದ ಮೇಲಿನ ಗುಡಿಗೆ ಇನ್ನೊಂದು ಕಥೆ ಇದೆ. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ಜಟಾಯು ತಡೆದು ಬಿದ್ದದ್ದು ಇಲ್ಲೇ, ರಾಮ ಲಿಂಗ ಸ್ಥಾಪಿಸಿದ್ದೂ ಇಲ್ಲೇ ಎಂದು ಈ ಕಡೆಯ ಜನ ನಂಬುತ್ತಾರೆ. ವಾಲ್ಮೀಕಿಯಲ್ಲಿ ಆ ಮುದಿ ಹದ್ದು ಹೊಡೆದಾಟಕ್ಕೆ ಮೊದಲು ರಾವಣನಿಗೆ ಬುದ್ಧಿ ಹೇಳುತ್ತದೆ, ರಾಜನಾದವನು ಹೀಗೆ ಮಾಡಬಾರದು ಎನ್ನುತ್ತದೆ. ರಾವಣ ರೆಕ್ಕೆ ಕತ್ತರಿಸುತ್ತಾನೆ. ಆಮೇಲೆ ಬಂದ ರಾಮನೂ ಮೊದಲು ತಪ್ಪು ತಿಳಿಯುತ್ತಾನೆ. ನೆತ್ತರಲ್ಲಿ ತೊಯ್ದ ಹದ್ದನ್ನು ಕಂಡು, ಸೀತೆಯನ್ನು ತಿಂದ ರಾಕ್ಷಸ ಇವನೇ ಎಂದು ಬಾಣ ಹೂಡುತ್ತಾನೆ. ಹದ್ದು ಬಾಯಲ್ಲಿ ನೆತ್ತರು ಕಾರುತ್ತ ನಡೆದದ್ದನ್ನು ಹೇಳತೊಡಗಿದಾಗ ಆ ದೊಡ್ಡ ಬಿಲ್ಲನ್ನು ಎಸೆದು, ನೆಲಕ್ಕೆ ಕುಸಿದು, ಅದನ್ನು ತಬ್ಬಿಕೊಂಡು ಉಳಿದ ಮಾತು ಕೇಳುತ್ತಾನೆ.