ದೊರೆ ಕೆಟ್ಟವನಾದರೆ ಗಣಿ ಯಾರದು?

ಲಾಲ್‌ಬಾಗಿನಲ್ಲಿ ಎರಡು ಸುತ್ತು ನಡೆದು, ಸಿದ್ದಾಪುರ ಗೇಟಿನಿಂದ ಹೊರಬಂದು, ನರ್ಸರಿಗಳ ಸಾಲಿನ ಬಳಿ ನಿಂತು ಕಾಫಿ ಕುಡಿಯುವುದು ನಮ್ಮ ನಾಲ್ಕೈದು ಜನರ ಬೆಳಗಿನ ರೂಢಿ. ಈಚೆಗೆ ಒಂದು ದಿನ ಮಾತು ಎಣ್ಣೆ, ಗಣಿ ಇರುವ ಸಣ್ಣ ದೇಶಗಳ ಕಡೆ ತಿರುಗಿತು. ಬಲಾಢ್ಯ ನೆರೆಯವರು ಅಂಥ ದೇಶಗಳೊಳಗೆ ನುಗ್ಗಿ ದೊರೆಗಳನ್ನು ಬದಲಿಸುವುದು ಸರಿಯೇ ಎಂಬ ಪ್ರಶ್ನೆ ಬಂತು. ಬ್ಯಾಂಕಿನಿಂದ ನಿವೃತ್ತರಾದ ಗೆಳೆಯರೊಬ್ಬರು, "ಅಲ್ಲಾ ಸಾರ್, ಅಲ್ಲಿರೋನು ಸ್ವಂತ ಜನಾನೇ ಹಸಿವಿಗೆ ಕೆಡವಿದಾನೆ. ಅಂಥವನ್ನ ಯಾರೋ ಒಬ್ರು ಬಂದು ತೆಗೆದುಹಾಕಿದ್ರೆ ಒಳ್ಳೇದೇ ಆಯ್ತಲ್ವಾ?" ಎಂದರು.

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ನರಳುವವರ ಮೇಲಿನ ಕನಿಕರದಿಂದ ಬಂದದ್ದು. ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ, ಮನೆಗೆ ಬಂದ ಮೇಲೂ ಪ್ರಶ್ನೆ ಬಿಡಲಿಲ್ಲ. ಆಮೇಲೆ ತೋಚಿತು: ಉತ್ತರಕ್ಕಾಗಿ ಪರ್ಷಿಯಾಕ್ಕೋ ದಕ್ಷಿಣ ಅಮೆರಿಕಕ್ಕೋ ಹೋಗಬೇಕಾಗಿಲ್ಲ, ನಾವು ನಡೆದು ಬಂದ ತೋಟದಿಂದಲೇ ಆರಂಭಿಸಬಹುದು.

ಹೈದರಾಲಿ 1760ರಲ್ಲಿ ಹಾಕಿಸಿದ ತೋಟ ಇದು. ಮಗ ಟಿಪ್ಪು ಬೆಳೆಸಿದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಮದರಾಸಿನಲ್ಲಿ ಕೂತಿದ್ದ ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ ಮೈಸೂರಿಗೆ ನೆರೆಯದ್ದೇ. ಅದು ಕೊಟ್ಟ ಕಾರಣ, ಟಿಪ್ಪು ಕ್ರೂರಿ, ಫ್ರೆಂಚರ ಜೊತೆ ಕೈಜೋಡಿಸಿದವನು, ಮೈಸೂರಿನ ಜನರನ್ನೂ ಹಳೆಯ ರಾಜಮನೆತನವನ್ನೂ ಅವನಿಂದ ಬಿಡಿಸಬೇಕು ಎಂಬುದು. ಗೆದ್ದು ಒಂದು ವರ್ಷವೂ ತುಂಬುವ ಮೊದಲೇ, 1800ರ ಫೆಬ್ರವರಿಯಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನಿಗೆ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿಬರಲು ಅಪ್ಪಣೆ ಕೊಟ್ಟ. ಬುಕಾನನ್ ಆ ಬೇಸಿಗೆಯಲ್ಲೇ ಬೆಂಗಳೂರಿಗೆ ಬಂದ. ಈ ತೋಟಗಳನ್ನೂ ನೋಡಿದ, ದಾರಿಯ ಎರಡೂ ಬದಿಯ ಸೈಪ್ರೆಸ್ ಮರಗಳನ್ನು ಮೆಚ್ಚಿ ಬರೆದ. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಅವನ ಪುಸ್ತಕ ಇಂದಿಗೂ ನಮ್ಮ ನಾಡಿನ ಬೇಸಾಯ, ಜಾತಿ, ಕಸುಬುಗಳನ್ನು ತಿಳಿಯುವವರಿಗೆ ದೊಡ್ಡ ಆಕರ. ನಾನೂ ಅದಕ್ಕೆ ಋಣಿ.

ಆದರೆ ಅವನಿಗೆ ಕೊಟ್ಟ ಸೂಚನೆಗಳ ಕ್ರಮ ನೋಡಬೇಕು. ಮೊದಲು ಬೇಸಾಯ, ದನಕರು, ಹೊಲಗದ್ದೆ. ಆಮೇಲೆ ಹತ್ತಿ, ಮೆಣಸು, ಗಂಧ, ಏಲಕ್ಕಿ. ಅದಾದ ಮೇಲೆ ಗಣಿ, ಕಲ್ಲುಕ್ವಾರಿ, ಖನಿಜ. ಮುಂದೆ ಕೈಗಾರಿಕೆ, ಹವೆ. ಯಾರ ಬಿಡುಗಡೆಗಾಗಿ ಯುದ್ಧ ನಡೆಯಿತೆಂದು ಹೇಳಿದರೋ ಆ ಜನರ ಸ್ಥಿತಿಗತಿ ಪಟ್ಟಿಯ ಕೊನೆಯಲ್ಲಿದೆ.

ಗೆಳೆಯರ ಮಾತಿನಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಅಲ್ಲಿಯ ದೊರೆ ಕೆಟ್ಟವನೇ ಎಂಬುದು ಒಂದು. ಅಲ್ಲಿಯ ನೆಲದಲ್ಲಿರುವುದು ಯಾರದ್ದು ಎಂಬುದು ಇನ್ನೊಂದು. ಮೊದಲನೆಯದಕ್ಕೆ 'ಹೌದು' ಎಂಬ ಉತ್ತರ ಬಂದ ಕೂಡಲೇ ಎರಡನೆಯದೂ ತನ್ನ ಪರವಾಗಿ ತೀರ್ಮಾನವಾಯಿತೆಂದು ನಡೆದುಕೊಳ್ಳುವುದು ಬಲಾಢ್ಯನ ಹಳೆಯ ಚಾಳಿ. ಕನಿಕರವುಳ್ಳ ನಾವು ಮೊದಲನೆಯ ಪ್ರಶ್ನೆಯಲ್ಲಿಯೇ ಕಣ್ಣೀರು ಹಾಕುತ್ತ ನಿಂತುಬಿಡುತ್ತೇವೆ. ಎರಡನೆಯದು ನಮ್ಮ ಬೆನ್ನ ಹಿಂದೆ ನಡೆದುಹೋಗುತ್ತದೆ.

ಕೊಡಗಿನ ಚಿಕ್ಕವೀರರಾಜೇಂದ್ರನನ್ನೇ ನೋಡಿ. ಅವನ ಕ್ರೌರ್ಯದ ಕಥೆಗಳನ್ನು ಬ್ರಿಟಿಷರೇ ಹುಟ್ಟಿಸಿದರು ಎಂದು ಪೂರ್ತಿ ತಳ್ಳಿಹಾಕಲಾಗದು. ಮಾಸ್ತಿಯವರು ಅವನ ಮೇಲೆ ಬರೆದ ಕಾದಂಬರಿಯಲ್ಲೂ ಅವನನ್ನು ಒಳ್ಳೆಯ ದೊರೆಯನ್ನಾಗಿ ಮಾಡಲಿಲ್ಲ. ಹಾಗೆ ಮಾಡದೆಯೇ, ಒಂದು ರಾಜ್ಯ ಕೈತಪ್ಪುವ ಸಂಕಟವನ್ನು ನಮ್ಮೊಳಗೆ ಇಳಿಸಿದರು. 1834ರಲ್ಲಿ ಕಂಪನಿ ಕೊಡಗಿನ ಮೇಲೆ ದಂಡೆತ್ತಿ ಹೋಗಿ ದೊರೆಯನ್ನು ಇಳಿಸಿತು. ಕೊಡಗಿನವರೆಲ್ಲ ಒಕ್ಕೊರಲಿನಿಂದ ಕೇಳಿಕೊಂಡದ್ದರಿಂದಲೇ ನಾಡನ್ನು ಕಂಪನಿ ಆಡಳಿತಕ್ಕೆ ಸೇರಿಸಿಕೊಳ್ಳುತ್ತಿದ್ದೇವೆ ಎಂದು ಘೋಷಣೆ ಹೊರಟಿತು. ಎರಡು ದಶಕ ಕಳೆಯುವ ಹೊತ್ತಿಗೆ ಅಲ್ಲಿ ಯುರೋಪಿಯನ್ನರ ಕಾಫಿ ತೋಟಗಳು ಏಳತೊಡಗಿದವು. ದೊರೆಯ ಕ್ರೌರ್ಯ ನಿಜವೆಂದೇ ಇಟ್ಟುಕೊಳ್ಳೋಣ. ಅದರಿಂದ ಬೆಟ್ಟದ ಇಳಿಜಾರಿನ ಹಕ್ಕು ಹೊರಗಿನವರಿಗೆ ಹೇಗೆ ಬಂತು? ಈ ಎರಡರ ನಡುವೆ ತರ್ಕದ ಸೇತುವೆ ನನಗೆ ಎಲ್ಲಿಯೂ ಕಾಣಲಿಲ್ಲ.

ಕೊಡಗಿನ ದಂಡಯಾತ್ರೆಗೂ ಹತ್ತು ವರ್ಷ ಹಿಂದೆ ಕಿತ್ತೂರಿನಲ್ಲಿ ದೊರೆ ಕೆಟ್ಟವನೆಂದು ಹೇಳುವ ಅಗತ್ಯವೂ ಬೀಳಲಿಲ್ಲ. ದೊರೆ ಸತ್ತಿದ್ದ, ದತ್ತು ಒಪ್ಪುವುದಿಲ್ಲ ಎಂದರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಖಜಾನೆಗೆ ಮೊಹರು ಹಾಕಿ ಕಾವಲು ಇಟ್ಟದ್ದು.

ಮೈಸೂರಿನ ಕಥೆ ಇದಕ್ಕಿಂತ ನಿಧಾನದ್ದು, ಆದ್ದರಿಂದ ಹೆಚ್ಚು ಕಲಿಸುವಂಥದ್ದು. 1799ರ ಒಪ್ಪಂದದ ಪ್ರಕಾರ, ಟಿಪ್ಪುವಿನ ನಂತರ ಕಂಪನಿ ಸಿಂಹಾಸನದಲ್ಲಿ ಕೂರಿಸಿದ ಬಾಲಕ ಕೃಷ್ಣರಾಜ ಒಡೆಯರ್ ವರ್ಷಕ್ಕೆ 7 ಲಕ್ಷ ವರಹ ಕಪ್ಪ ಕೊಡಬೇಕು. ಆ ಹಣಕ್ಕೆ ಅಪಾಯ ಬರಬಹುದೆಂದು ಕಂಡರೆ ಆಡಳಿತವನ್ನು ಕಂಪನಿ ಕೈಗೆ ತೆಗೆದುಕೊಳ್ಳಬಹುದು ಎಂಬ ಕಲಮೂ ಅದರಲ್ಲೇ ಇತ್ತು. 1830-31ರಲ್ಲಿ ನಗರ (ಬಿದನೂರು) ಸೀಮೆಯ ರೈತರು ದಂಗೆ ಎದ್ದರು. ಅವರ ಅಳಲು ನಿಜವಾದದ್ದು. ಕಂದಾಯದ ಹಿಂಸೆ, ಅಮಲ್ದಾರರ ಸುಲಿಗೆ ಸುಳ್ಳಾಗಿರಲಿಲ್ಲ. ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಆಡಳಿತ ಕಸಿದುಕೊಂಡಾಗ ಬಾಯಲ್ಲಿದ್ದದ್ದು ರೈತರ ಗೋಳು, ಕೈಯಲ್ಲಿ ಹಿಡಿದದ್ದು ಕಪ್ಪದ ಹಣದ ಕಲಮು. ಹಾಗೆ ಹೋದ ಅಧಿಕಾರ ಅರಸುಮನೆತನಕ್ಕೆ ಮರಳಿದ್ದು 50 ವರ್ಷದ ಮೇಲೆ, 1881ರ ಮಾರ್ಚ್ 25ರಂದು.

ಆ ಐವತ್ತು ವರ್ಷದ ಒಳಗೆ ಕೋಲಾರದಲ್ಲಿ ನಡೆದದ್ದನ್ನು ಕೊಂಚ ಹತ್ತಿರ ನಿಂತು ನೋಡಬೇಕು. ಅದರ ಆರಂಭ ಇನ್ನೂ ಹಿಂದಿನದು: 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಮೈಸೂರಿನ ಪೂರ್ವದ ಗಡಿ ಗುರುತಿಸುವ ಕೆಲಸದ ಮೇಲೆ ಬಂದ. ಗೆದ್ದವರು ರಾಜ್ಯ ಹಂಚಿಕೊಂಡಿದ್ದರಲ್ಲ, ಆ ಗೆರೆ ಎಳೆಯಲು. ಉರಿಗಾಂ, ಮಾರಿಕುಪ್ಪಂ ಕಡೆಯ ಮಣ್ಣಿನಲ್ಲಿ ಚಿನ್ನವಿದೆ ಎಂಬ ಮಾತು ಅವನ ಕಿವಿಗೆ ಬಿತ್ತು. ಬಹುಮಾನ ಕೊಡುತ್ತೇನೆ ಎಂದ. ಹಳ್ಳಿಯವರು ಮಣ್ಣು ತಂದು, ಅವನ ಕಣ್ಣೆದುರೇ ತೊಳೆದು ಚಿನ್ನದ ಕಣ ತೆಗೆದು ತೋರಿಸಿದರು. ವಾರನ್ ಅದನ್ನು ಬರೆದಿಟ್ಟ. ಎಪ್ಪತ್ತು ವರ್ಷದ ಮೇಲೆ ಬೆಂಗಳೂರಿನಲ್ಲಿ ನೆಲೆಸಿದ್ದ ನಿವೃತ್ತ ಸೈನಿಕ ಲ್ಯಾವೆಲ್ಲೆ ಆ ಬರಹ ಓದಿ, ಗಾಡಿ ಕಟ್ಟಿಕೊಂಡು ಕೋಲಾರಕ್ಕೆ ಹೋದ. ಇಂದಿನ ಲ್ಯಾವೆಲ್ಲೆ ರಸ್ತೆಗೆ ಅವನದೇ ಹೆಸರು. ಗಣಿ ತೋಡುವ ಹಕ್ಕು ಕೇಳಿದ, 1870ರ ದಶಕದಲ್ಲಿ ಸಿಕ್ಕಿತು. ಕೊಟ್ಟದ್ದು ಬ್ರಿಟಿಷ್ ಕಮಿಷನರರ ಆಡಳಿತ. 1880ರಲ್ಲಿ ಲಂಡನ್ನಿನ ಗಣಿ ಸಂಸ್ಥೆ ಜಾನ್ ಟೇಲರ್ ಅಂಡ್ ಸನ್ಸ್ ಬಂತು.

1880, ಆಮೇಲೆ 1881. ದೊರೆಗೆ ಸಿಂಹಾಸನ ಹಿಂತಿರುಗಿಸುವ ಹೊತ್ತಿಗೆ ಚಿನ್ನದ ಕರಾರು ಆಗಿಹೋಗಿತ್ತು. ಸಿಂಹಾಸನ ಕೊಡುವ ಪತ್ರದಲ್ಲೇ ಕಪ್ಪವನ್ನು 35 ಲಕ್ಷ ರೂಪಾಯಿಗೆ ಏರಿಸಿದರು. ಬೆಂಗಳೂರಿನ ದಂಡು ಪ್ರದೇಶವನ್ನು ತಮ್ಮಲ್ಲೇ ಉಳಿಸಿಕೊಂಡರು. ಅದು ಮರಳಿದ್ದು 1947ರಲ್ಲಿ. ಕೋಲಾರದ ಗಣಿಯಲ್ಲಿ ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ತೆಗೆದರು. ಮೈಸೂರು ಸರ್ಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡದ್ದು 1956ರಲ್ಲಿ, ಅದಿರು ಮೂರು ಕಿಲೋಮೀಟರ್ ಆಳಕ್ಕೆ ಇಳಿದ ಮೇಲೆ.

ಅವರು ಒಳ್ಳೆಯದನ್ನೂ ಮಾಡಿದರಲ್ಲ, ರಸ್ತೆ, ರೈಲು, ಎಂದು ಕೇಳುವವರಿದ್ದಾರೆ. ಮಾಡಿದರು. ಕಮಿಷನರ್ ಆಗಿದ್ದ ಕಬ್ಬನ್, ಆಡಳಿತಕ್ಕೆ ಒಂದು ಶಿಸ್ತು ತಂದದ್ದು ನಿಜ. ಬಾಡಿಗೆಗೆ ಬಂದವನು ಮನೆಗೆ ಸುಣ್ಣ ಬಳಿಸಿ ನಲ್ಲಿ ರಿಪೇರಿ ಮಾಡಿಸಿದರೆ ಅವನಿಗೆ ಕೃತಜ್ಞರಾಗಿರಬೇಕು. ಹಾಗೆಂದು ಮನೆಯ ಪತ್ರ ಅವನ ಹೆಸರಿಗೆ ಆಗುವುದಿಲ್ಲ.

ಹಾಗಾದರೆ ಪಕ್ಕದ ಮನೆಯಲ್ಲಿ ಹೆಂಗಸೊಬ್ಬಳು ಏಟು ತಿನ್ನುತ್ತಿದ್ದರೂ ನಾವು ಬಾಗಿಲು ಹಾಕಿಕೊಂಡು ಕೂತಿರಬೇಕೇ? ಗೆಳೆಯರ ಪ್ರಶ್ನೆಯ ನಿಜವಾದ ತೂಕ ಇಲ್ಲಿದೆ. ಇದನ್ನು ಸಾರ್ವಭೌಮತ್ವ ಎಂಬ ಒಂದು ಪದದಿಂದ ತಳ್ಳಿಬಿಡಲು ನನಗೆ ಮನಸ್ಸಾಗದು.

ನಾನು ಚಿಕ್ಕವನಿದ್ದಾಗ ನಮ್ಮ ರಸ್ತೆಯಲ್ಲಿ ಗಿರಣಿಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಅವರ ಪಕ್ಕದ ಮನೆಯವನು ಕುಡಿದು ಬಂದು ಹೆಂಡತಿಗೆ ಹೊಡೆಯುತ್ತಿದ್ದ. ಆ ಮನೆಯ ತೆಂಗಿನ ಮರ ಇವರ ಗೋಡೆಯ ಮೇಲೆ ಬಾಗಿತ್ತು. ಇವರ ಅಂಗಳಕ್ಕೆ ಬಿದ್ದ ಕಾಯಿಯನ್ನು ಇವರೇ ಎತ್ತಿಕೊಳ್ಳುವುದು ಎಷ್ಟೋ ವರ್ಷದ ವಾಡಿಕೆ. ಒಂದು ರಾತ್ರಿ ಕೂಗು ಜಾಸ್ತಿಯಾದಾಗ ಹಿರಿಯರು ಎದ್ದು ಹೋಗಿ, ಅವನ ಕೈಯ ದೊಣ್ಣೆ ಕಿತ್ತುಕೊಂಡು ಆಚೆ ಎಸೆದರು. ಅವಳ ಅಣ್ಣಂದಿರಿಗೆ ಹೇಳಿಕಳಿಸಿ, ಅವರು ಬರುವ ತನಕ ಬಾಗಿಲಲ್ಲೇ ಕೂತಿದ್ದರು. "ಒಳಗೆ ಬನ್ನಿ ಅಣ್ಣ, ಒಂದು ಲೋಟ ಕಾಫಿನಾದ್ರೂ ಕುಡೀರಿ" ಎಂದು ಆಕೆ ಕರೆದರೆ, "ಈವತ್ತು ಬೇಡಮ್ಮ, ಇನ್ನೊಂದು ದಿನ" ಎಂದು ಎದ್ದುಬಂದರು. ಅಂದಿನಿಂದ ತಮ್ಮ ಅಂಗಳಕ್ಕೆ ಬಿದ್ದ ಕಾಯಿಯನ್ನೂ ಗೋಡೆಯಾಚೆ ಇಡತೊಡಗಿದರು. ಯಾಕೆಂದು ನಾನು ಕೇಳಿದ್ದೆ. "ಮುಂಚೆ ಆದ್ರೆ ತಗೋತಿದ್ದೆ ಕಣಪ್ಪ. ಈಗ ಅವರ ಮನೆಯೊಳಗೆ ಕಾಲಿಟ್ಟು ಬಂದಿದೀನಿ. ಇನ್ನು ತಗೋಬಾರದು."

ಆ ಮಾತಿನ ಆಳ ನನಗೆ ಅರ್ಥವಾದದ್ದು ಬಹಳ ವರ್ಷಗಳ ಮೇಲೆ. ಒಳಗೆ ಕಾಲಿಡುವ ಮುನ್ನ ಇದ್ದ ನ್ಯಾಯವಾದ ಹಕ್ಕು ಕೂಡ ಕಾಲಿಟ್ಟ ಮೇಲೆ ಉಳಿಯುವುದಿಲ್ಲ. ನಮ್ಮ ಕಾನೂನಿಗೂ ಇದು ಗೊತ್ತಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 73ನೇ ನಿಯಮದಂತೆ, ಕೋರ್ಟಿನ ಹರಾಜಿನಲ್ಲಿ ಕರ್ತವ್ಯದ ಮೇಲಿರುವ ಯಾವ ಅಧಿಕಾರಿಯೂ ನೇರವಾಗಿ ಆಗಲಿ ಬೇರೆಯವರ ಮೂಲಕ ಆಗಲಿ ಆ ಆಸ್ತಿಗೆ ಸವಾಲು ಕೂಗುವಂತಿಲ್ಲ. ಅಮೀನ ಪ್ರಾಮಾಣಿಕನಾಗಿದ್ದರೂ ಕೂಗುವಂತಿಲ್ಲ. ಈ ನಿಯಮ ಬರೆದದ್ದು ಬ್ರಿಟಿಷ್ ಸರ್ಕಾರವೇ. ಒಂದು ಮನೆಯ ಹರಾಜಿಗೆ ಒಪ್ಪುವ ನ್ಯಾಯವನ್ನು ಒಂದು ದೇಶಕ್ಕೆ ಅನ್ವಯಿಸಬಾರದೇಕೆ? ನೆರೆದೇಶದ ದೊರೆಯನ್ನು ಇಳಿಸಿದವನು ಆ ದೇಶದ ಎಣ್ಣೆ, ಅದಿರು, ಕಾಡುಗಳ ಯಾವ ಗುತ್ತಿಗೆಗೂ ಕೈಚಾಚಕೂಡದು. ತಾನೂ ಚಾಚಕೂಡದು, ತನ್ನ ಕಂಪನಿಗಳೂ ಚಾಚಕೂಡದು. ಒಂದು ಮಧ್ಯಪ್ರವೇಶ ಧರ್ಮದ್ದೋ ಲಾಭದ್ದೋ ಎಂದು ಅಳೆಯಲು ನನ್ನ ಬಳಿ ಇರುವ ಕೋಲು ಇದೊಂದೇ.

ಈ ಕೋಲಿನಿಂದ ಎರಡು ಘಟನೆಗಳನ್ನು ಅಳೆಯಿರಿ. ಇರಾನಿನ ಮೊಸಾದೆಗ್ ಸರ್ಕಾರ 1951ರಲ್ಲಿ ಬ್ರಿಟಿಷ್ ಕಂಪನಿಯ ಕೈಯಲ್ಲಿದ್ದ ಎಣ್ಣೆಯನ್ನು ರಾಷ್ಟ್ರೀಕರಿಸಿತು. 1953ರ ಆಗಸ್ಟಿನಲ್ಲಿ ಅಮೆರಿಕ ಮತ್ತು ಬ್ರಿಟನ್ ಸೇರಿ ಆ ಸರ್ಕಾರವನ್ನು ಉರುಳಿಸಿದವು. ಕಮ್ಯುನಿಸಮ್ಮಿನಿಂದ ದೇಶವನ್ನು ಉಳಿಸಿದೆವು ಎಂದರು. 1954ರಲ್ಲಿ ಆ ಎಣ್ಣೆಯನ್ನು ನಡೆಸುವ ಒಕ್ಕೂಟ ಹುಟ್ಟಿದಾಗ ಅಮೆರಿಕದ ಕಂಪನಿಗಳ ಪಾಲು ಶೇ. 40, ಹಳೆಯ ಬ್ರಿಟಿಷ್ ಕಂಪನಿಯ ಪಾಲು ಶೇ. 40. ಇನ್ನೊಂದು, 1971. ಪೂರ್ವ ಬಂಗಾಳದ ಒಂದು ಕೋಟಿಯಷ್ಟು ಜನ ನಿರಾಶ್ರಿತರಾಗಿ ಬಂದ ಮೇಲೆ ಭಾರತ ಯುದ್ಧಕ್ಕಿಳಿಯಿತು. ಡಿಸೆಂಬರ್ 16ರಂದು ಢಾಕಾ ಬಿಡುಗಡೆಯಾಯಿತು. 1972ರ ಮಾರ್ಚ್ ವೇಳೆಗೆ ನಮ್ಮ ಸೇನೆ ಅಲ್ಲಿಂದ ಹೊರಟುಬಂತು. ನಮಗೂ ಅದರಲ್ಲಿ ರಾಜಕೀಯ ಲಾಭವಿತ್ತು, ಪಾಕಿಸ್ತಾನ ಎರಡಾಯಿತು. ಆದರೆ ಬಂಗಾಳದ ನೆಲದಡಿಯ ಅನಿಲಕ್ಕೆ ನಾವು ಮೊಹರು ಒತ್ತಲಿಲ್ಲ.

ನಮ್ಮವರೆಲ್ಲ ಯಾವಾಗಲೂ ಹೀಗೇ ಇದ್ದರೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಲಾಲ್‌ಬಾಗ್ ಹಾಕಿಸಿದ ಹೈದರಾಲಿ 1763ರಲ್ಲಿ ಬಿದನೂರನ್ನು ಹಿಡಿದದ್ದು ಕೆಳದಿಯ ಸಿಂಹಾಸನಕ್ಕೆ ತಾನೇ ನಿಜವಾದ ವಾರಸುದಾರ ಎಂದು ಬಂದವನ ಪರ ವಹಿಸಿಕೊಂಡು. ಗೆದ್ದ ಮೇಲೆ ಬಿದನೂರು ತನ್ನದೇ ಆಯಿತು, ಅದರ ಭಂಡಾರವೂ, ಮೆಣಸು ಅಡಿಕೆಯ ಸೀಮೆಯೂ. ಕೊಡಗು ಮಲಬಾರುಗಳ ನೆನಪಿನಲ್ಲಿ ಮೈಸೂರು ನೊಂದ ನೆರೆಯಲ್ಲ, ನೋಯಿಸಿದ ದೊಡ್ಡ ನೆರೆ. 1799ಕ್ಕೆ ಕಣ್ಣೀರಿಡುವ ನಾನು 1763ಕ್ಕೆ ತಲೆತಗ್ಗಿಸದಿದ್ದರೆ ನನ್ನ ವಾದಕ್ಕೆ ಬೆಲೆಯಿಲ್ಲ.

ಇದು ಹಳೆಯ ಕಥೆಯೂ ಅಲ್ಲ. ಸಿದ್ದಾಪುರದ ಓಣಿಗಳಲ್ಲಿ ಈಗ ನರ್ಸರಿಯ ಸಸಿಗಳನ್ನು ಹೊತ್ತು ಸದ್ದಿಲ್ಲದೆ ಓಡುವುದು ಬ್ಯಾಟರಿ ಸ್ಕೂಟರುಗಳು. ಅವುಗಳ ಬ್ಯಾಟರಿಗೆ ಲಿಥಿಯಂ ಬೇಕು. ಮಂಡ್ಯದ ಮರಳಗಾಲದಲ್ಲಿ ಕಂಡುಬಂದಿರುವ ನಿಕ್ಷೇಪ ಬಲು ಚಿಕ್ಕದು. 2024ರ ಜನವರಿಯಲ್ಲಿ ನಮ್ಮ ಸರ್ಕಾರಿ ಸಂಸ್ಥೆ ಖನಿಜ್ ಬಿದೇಶ್ ಇಂಡಿಯಾ ಲಿಮಿಟೆಡ್ ಅರ್ಜೆಂಟೀನಾದ ಕಟಮಾರ್ಕಾ ಪ್ರಾಂತ್ಯದಲ್ಲಿ ಐದು ಬ್ಲಾಕುಗಳಿಗಾಗಿ ಅಲ್ಲಿನ ಪ್ರಾಂತೀಯ ಸರ್ಕಾರದ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿದೆ. ಎದುರು ಕೂತು ಸಹಿ ಹಾಕಿ ಕೊಳ್ಳುವುದು ಸರಿಯಾದ ದಾರಿ. ಆದರೆ ನಾವೂ ದೊಡ್ಡವರಾಗುತ್ತಿದ್ದೇವೆ, ನಮ್ಮ ಹಸಿವೂ ದೊಡ್ಡದಾಗುತ್ತಿದೆ. ನಮ್ಮ ಸುತ್ತಲೂ ಸಣ್ಣ ನೆರೆಯವರಿದ್ದಾರೆ.

ಮುಂದೊಂದು ದಿನ ನಮ್ಮದೇ ಸರ್ಕಾರ, ಯಾವುದೋ ನೆರೆದೇಶದ ದೊರೆ ದುಷ್ಟ, ಅಲ್ಲಿಯ ಜನರನ್ನು ಬಿಡಿಸಲು ಹೋಗುತ್ತಿದ್ದೇವೆ ಎಂದು ಟಿವಿಯಲ್ಲಿ ಹೇಳಬಹುದು. ಆ ದಿನ ದಯವಿಟ್ಟು ದೊರೆಯ ದುಷ್ಟತನದ ಬಗ್ಗೆ ಮಾತ್ರ ಕೇಳಿ ಸುಮ್ಮನಾಗಬೇಡಿ. ಅಲ್ಲಿಯ ಗಣಿಗೆ ಯಾರು ಅರ್ಜಿ ಹಾಕಿದ್ದಾರೆ ಎಂದೂ ಕೇಳಿ.