ಅಹಿಂಸಾವ್ರತಿಗಳ ಕೋವಿ

ಮಹಾನವಮಿಯಂದು ಖಡ್ಗಕ್ಕೂ ನೇಗಿಲಿಗೂ ಒಂದೇ ಕುಂಕುಮವನ್ನಿಟ್ಟು ಕೈಮುಗಿಯುವ ನಮಗೆ, ಆಯುಧವನ್ನು ಅಲಂಕರಿಸುವುದು ಧರ್ಮಕ್ಕೆ ಒಪ್ಪುವ ಕಾರ್ಯವೇ ಎಂಬ ಸಂಶಯವು ಸುಲಭವಾಗಿ ಹುಟ್ಟುವಂಥದಲ್ಲ. ಆ ಸಂಶಯವು ನನ್ನಲ್ಲಿ ಬಲವಾಗಿ ಮೂಡಿದುದು, ಹದಿನೆಂಟನೆಯ ಶತಮಾನದ ಪೆನ್ಸಿಲ್ವೇನಿಯದಲ್ಲಿ ನೆಲೆಸಿದ್ದ ಮೊರೇವಿಯನ್ ಕ್ರೈಸ್ತರ ವೃತ್ತಾಂತವನ್ನು ಓದಿದಾಗ. ಯುದ್ಧದಲ್ಲಿ ಆಯುಧವನ್ನು ಹಿಡಿಯಲು ಅಂತಃಸಾಕ್ಷಿ ಒಡಂಬಡದೆಂದು ಸಾರಿದ್ದ ಈ ಪಂಥದವರಿಗೆ ಬ್ರಿಟಿಷ್ ಪಾರ್ಲಿಮೆಂಟು 1749ರಲ್ಲಿ ಶಾಸನಪೂರ್ವಕವಾಗಿ ವಿನಾಯಿತಿಯನ್ನಿತ್ತಿತ್ತು. ಅಂಥವರ ನೆಲೆಯಾದ ಕ್ರಿಶ್ಚಿಯನ್ಸ್ ಸ್ಪ್ರಿಂಗ್ ಎಂಬಲ್ಲಿಯೇ, ಸಂಗೀತವನ್ನೂ ಕಲಿಸುತ್ತಿದ್ದ ಆಂಡ್ರಿಯಾಸ್ ಆಲ್ಬ್ರೆಕ್ಟನೂ ಅವನ ಶಿಷ್ಯ ಕ್ರಿಶ್ಚಿಯನ್ ಓರ್ಟರನೂ ಆ ಕಾಲದ ಅತಿ ಸುಂದರವಾದ ಚಕಮಕಿ ಕೋವಿಗಳನ್ನು ನಿರ್ಮಿಸಿದರು.

ಆ ನಿರ್ಮಾಣದ ಶ್ರಮವನ್ನು ಅರಿಯದೆ ಪ್ರಶ್ನೆಯ ಆಳವು ತಿಳಿಯದು. ಕಬ್ಬಿಣದ ಉದ್ದನೆಯ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ, ಒಂದು ಸರಳಿನ ಸುತ್ತ ಮಡಿಸಿ, ಅಂಚಿಗೆ ಅಂಚು ಬೆಸೆಯುವಂತೆ ಅಂಗುಲ ಅಂಗುಲವಾಗಿ ಬಡಿದು ನಳಿಗೆಯನ್ನು ಮಾಡಬೇಕು. ಒಳಗನ್ನು ಕೊರೆದು ನಯಗೊಳಿಸಿ, ಹೊರಗನ್ನು ಎಂಟು ಮುಖವಾಗಿ ಅರದಿಂದ ಉಜ್ಜಬೇಕು. ಅನಂತರ, ಹಲ್ಲಿನಂಥ ಸಣ್ಣ ಉಕ್ಕಿನ ಅಲಗನ್ನು ಕಟ್ಟಿದ ಕೋಲನ್ನು ತಿರುಚುತ್ತ ತಿರುಚುತ್ತ ನೂರಾರು ಸಲ ಎಳೆದು, ಗುಂಡಿಗೆ ಭ್ರಮಣವನ್ನು ಕೊಡುವ ಸುರುಳಿಗೆರೆಗಳನ್ನು ಒಳಗೋಡೆಯಲ್ಲಿ ತೆರೆಯಬೇಕು. ಕೋವಿಯ ಕುದುರೆಯ ಬಾಯಿಯಲ್ಲಿ ಕಚ್ಚಿಸಿದ ಚಕಮಕಿ ಕಲ್ಲು ಉಕ್ಕಿನ ಫಲಕಕ್ಕೆ ತಗುಲಿ, ಕಿಡಿಯು ಬಟ್ಟಲಿನ ರಂಜಕಕ್ಕೆ ಬಿದ್ದು, ಸಣ್ಣ ರಂಧ್ರದ ಮೂಲಕ ಒಳಮದ್ದಿಗೆ ಬೆಂಕಿ ಮುಟ್ಟುವಷ್ಟರಲ್ಲಿ ಎಲ್ಲಿಯೂ ತಡವಾಗದಂತೆ ಕಮಾನುಗಳಿಗೆ ಹದವನ್ನು ಕೊಡಬೇಕು. ಇಷ್ಟಾದರೆ ಕೋವಿಯು ಸಿದ್ಧವಾಯಿತು. ಹೊಡೆಯಲು ಮತ್ತೇನೂ ಬೇಡ. ಆದರೆ ಕುಶಲಿಯು ಅಲ್ಲಿಗೆ ನಿಲ್ಲಲಿಲ್ಲ. ಅಲೆಯಲೆಯಾದ ನಾರುಳ್ಳ ಮೇಪಲ್ ಮರದ ಹಿಡಿಗೆ ಕಬ್ಬಿಣ ಕರಗಿಸಿದ ಆಮ್ಲವನ್ನು ಬಳಿದು, ಬೆಂಕಿಯ ಕಾವಿನಲ್ಲಿ ಅದರ ಕೆಂಗಂದು ವರ್ಣವನ್ನು ಹೊರತಂದನು; ಕೆನ್ನೆ ತಾಗುವ ಎಡೆಯಲ್ಲಿ ಬಳ್ಳಿಯ ಸುರುಳಿಗಳನ್ನು ಕೆತ್ತಿದನು.

ಈ ಅಧಿಕವಾದ ಸೌಂದರ್ಯವನ್ನು ಕೆಲವರು ಹಿಂಸೆಗೆ ತೊಡಿಸಿದ ಮುಖವಾಡವೆಂದಾರು, ಕೆಲವರು ಕಬ್ಬಿಣವನ್ನು ಪಾವನಗೊಳಿಸುವ ಸಂಸ್ಕಾರವೆಂದಾರು. ನನಗೆ ಎರಡೂ ಸಮ್ಮತವಲ್ಲ. ಯಾರಿಗೂ ಕಾಣದ ಒಳಗೋಡೆಯಲ್ಲಿ ತೋರಿದ ಶ್ರದ್ಧೆಯೇ ಹೊರಗಿನ ಬಳ್ಳಿಯಲ್ಲಿಯೂ ಕಾಣುತ್ತಿರುವಾಗ ಅದನ್ನು ಮುಖವಾಡವೆನ್ನುವುದು ಅನ್ಯಾಯ. ಆದರೆ ಆ ಶ್ರದ್ಧೆಯ ಪುಣ್ಯವು ಗುಂಡಿನೊಡನೆ ಹಾರಿ ಅದರ ಫಲವನ್ನು ಶುದ್ಧಿಗೊಳಿಸೀತೆಂದು ನಂಬುವುದು ಭ್ರಾಂತಿ. ಒಳಗಿನ ಸುರುಳಿಗೆರೆಯಿಂದ ಬಂದ ಗುರಿಯ ನಿಖರತೆಯು ಬೇಟೆಯಲ್ಲಿ ಜಿಂಕೆಯನ್ನು ನರಳಿಸದೆ ಒಂದೇ ಗುಂಡಿಗೆ ಕೆಡಹುವುದರಿಂದ ಕರುಣೆಯ ಸಾಧನವೆನಿಸಿತು; ಅದೇ ಬಗೆಯ ಕೋವಿಯನ್ನು ಹಿಡಿದ, ಅಮೆರಿಕದ ಸ್ವಾತಂತ್ರ್ಯಯುದ್ಧದ ದಳಪತಿ ಮಾರ್ಗನ್ನನ ಪಡೆಯವರು 1777ರ ಸರಟೋಗ ಸಮರದಲ್ಲಿ ದೂರದಿಂದಲೇ ಬ್ರಿಟಿಷ್ ಸೇನಾಧಿಕಾರಿಗಳನ್ನು ಆರಿಸಿ ಆರಿಸಿ ಹೊಡೆದರು. ಗುಣವೊಂದೇ, ಅದು ಒದಗಿದ ಕಾರ್ಯಗಳು ಎರಡು.

ತಯಾರಿಸಿದುದಷ್ಟೇ ನಾನು, ಹೊಡೆದವನು ಬೇರೊಬ್ಬನು ಎಂಬ ಸಮಾಧಾನವು ಇಂಥಲ್ಲಿ ಸಹಜವಾಗಿ ಬಾಯಿಗೆ ಬರುತ್ತದೆ. ನೆರೆಯ ಬುಡಕಟ್ಟಿನವರಿಗೆ ಬೇಟೆಯೇ ಅನ್ನವಾಗಿದ್ದುದರಿಂದ, ಅವರ ಕೋವಿಗಳನ್ನು ದುರಸ್ತಿ ಮಾಡಿಕೊಡಲು 1747ರಲ್ಲಿಯೇ ಶಮೋಕಿನ್ ಎಂಬ ಅವರ ಊರಿಗೆ ಕಮ್ಮಾರನನ್ನು ಕಳುಹಿಸಿದ್ದ ಪಂಥಕ್ಕೆ ಈ ಮಾತಿನಲ್ಲಿ ಕಿಂಚಿತ್ತಾದರೂ ಸತ್ಯವಿತ್ತು. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಓರ್ಟರನು 1775ರಲ್ಲಿ ಮುಗಿಸಿದ ಕೋವಿಯೊಂದರ ನಳಿಗೆಯ ಮೇಲೆ ತನ್ನ ಹೆಸರನ್ನೂ ಇಸವಿಯನ್ನೂ ಬರೆದಿದ್ದಾನೆ. ಹೆಸರಿಡುವುದೆಂದರೆ, ವಸ್ತುವು ಕೈಬಿಟ್ಟು ಹೋದ ಮೇಲೆಯೂ ಅದು ತನ್ನದೆಂದು ಒಪ್ಪಿಕೊಳ್ಳುವುದು ತಾನೆ? ಹಾಗೆ ಒಪ್ಪಿಕೊಂಡವನು ಅದರ ಸೌಂದರ್ಯಕ್ಕೆ ಮಾತ್ರ ಒಡೆಯನಾಗಿ ಉಳಿಯಲಾರನು. 1749ರ ಶಾಸನವು ಕೋವಿಯನ್ನು ಹೆಗಲಿಗೇರಿಸುವವನ ಅಂತಃಸಾಕ್ಷಿಯನ್ನಷ್ಟೇ ಗಣಿಸಿತ್ತು. ಅದನ್ನು ರೂಪಿಸಿದವನ ಅಂತಃಸಾಕ್ಷಿಯ ಪ್ರಶ್ನೆಗೆ ಶಾಸನದಲ್ಲಿ ಎಡೆಯಿರಲಿಲ್ಲ, ಓರ್ಟರನು ತನ್ನ ಹೆಸರಿನಿಂದ ತಾನಾಗಿಯೇ ಅದಕ್ಕೆ ಎಡೆಮಾಡಿಕೊಟ್ಟನು.