ತಕ್ಕಡಿ ಹಿಡಿದ ಕೈ

ಸಮಾನತೆ ಎಂಬ ಮಾತು ಕಿವಿಗೆ ಬಿದ್ದಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ತಕ್ಕಡಿ ಯಾರ ಕೈಯಲ್ಲಿದೆ? ಈ ಪ್ರಶ್ನೆಯನ್ನು ಕೋಟ್ಯಧೀಶರ ಆಟಕ್ಕೂ ಹಾಕಿ ನೋಡೋಣ.

ಫ್ರಾನ್ಸಿನ ಲೆ ಮಾನ್ ಊರಿನಲ್ಲಿ 1923ರಲ್ಲಿ 24 ಗಂಟೆಗಳ ಕಾರ್ ಓಟ ಶುರುವಾಯಿತು. ಹಗಲು ರಾತ್ರಿ ಓಡಬೇಕು. ಒಂದು ಸುತ್ತೆಂದರೆ 13 ಕಿಲೋಮೀಟರಿಗೂ ಹೆಚ್ಚು. ಒಂದೇ ಕಂಪನಿ ಪ್ರತಿ ವರ್ಷ ಗೆಲ್ಲುತ್ತಾ ಹೋದರೆ ಉಳಿದವರು ಯಾಕೆ ಬರ್ತಾರೆ? ಅದಕ್ಕೊಂದು ಉಪಾಯ: ಮುಂದಿರುವ ಕಾರಿಗೆ ತೂಕ ಹೇರು, ಎಂಜಿನ್ನಿನ ಶಕ್ತಿ ಇಳಿಸು, ಹಿಂದೆ ಬಿದ್ದದ್ದಕ್ಕೆ ಸಡಿಲ ಬಿಡು. ಇದಕ್ಕೆ 'ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್' ಅಂತ ಹೆಸರು.

ಕಟ್ಟುಪಾಡೇ ಬೇಡ ಎನ್ನುವವನು ನಾನಲ್ಲ. 1955ರಲ್ಲಿ ಇದೇ ಓಟದಲ್ಲಿ ಒಂದು ಕಾರು ಸಿಡಿದು ಜನರ ಮೇಲೆ ಬಿತ್ತು. ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ನೋಡಲು ಬಂದು ನಿಂತಿದ್ದ ಜನ. ವೇಗಕ್ಕೆ ಮೂಗುದಾರ ಬೇಕೇ ಬೇಕು. 2017ರಲ್ಲಿ ಟೊಯೊಟಾ ಕಾರೊಂದು ಅರ್ಹತಾ ಸುತ್ತನ್ನು 3 ನಿಮಿಷ 14 ಸೆಕೆಂಡಿನಲ್ಲಿ ಮುಗಿಸಿತ್ತು. 2021ರಲ್ಲಿ ಬಂದ ಹೊಸ ನಿಯಮಗಳು ಓಟದ ಸುತ್ತು 3 ನಿಮಿಷ 30 ಸೆಕೆಂಡಿನ ಆಸುಪಾಸಿಗೆ ಬರಲಿ ಎಂದವು. ಇಂಥ ಮಿತಿ ಎಲ್ಲರಿಗೂ ಒಂದೇ, ಮೊದಲೇ ಹೇಳಿದ್ದು. ಅದರಲ್ಲಿ ಅನ್ಯಾಯವಿಲ್ಲ.

2023ರಲ್ಲಿ ನಡೆದದ್ದು ಬೇರೆ. ಟೊಯೊಟಾ ಸತತ ಐದು ವರ್ಷ ಗೆದ್ದಿತ್ತು. ಲೆ ಮಾನ್ ಮುಗಿಯುವವರೆಗೆ ಒಂದೊಂದು ಕಂಪನಿಯ ತೂಕವನ್ನು ಮುಟ್ಟುವುದಿಲ್ಲ ಎಂದಿದ್ದವರೇ ಓಟಕ್ಕೆ ಕೆಲವು ದಿನ ಇರುವಾಗ ಪಟ್ಟಿ ತಿದ್ದಿದರು. ಟೊಯೊಟಾಗೆ 37 ಕಿಲೋ, ಫೆರಾರಿಗೆ 24, ಕ್ಯಾಡಿಲಾಕ್‌ಗೆ 11, ಪೋರ್ಷೆಗೆ 3. ಯಾಕಪ್ಪಾ ಅಂದರೆ, ಅಂತರ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇತ್ತು ಅಂದರು. ಗೆದ್ದದ್ದು ಫೆರಾರಿ. ಟೊಯೊಟಾ 81 ಸೆಕೆಂಡ್ ಹಿಂದೆ.

37 ಕಿಲೋ ಸೋಲಿಸಿತೇ? ಕೊನೆಯ ಗಂಟೆಗಳಲ್ಲಿ ಟೊಯೊಟಾ ಚಾಲಕನೂ ಜಾರಿ ಗೋಡೆಗೆ ಬಡಿದಿದ್ದ. ಹೌದು ಅನ್ನುವಂತಿಲ್ಲ, ಅಲ್ಲ ಅನ್ನುವಂತಿಲ್ಲ. ಗೆದ್ದವನ ಬೆವರಿಗೂ ಅನುಮಾನ ಅಂಟಿತು, ಸೋತವನಿಗೂ ನೆಪ ಸಿಕ್ಕಿತು.

ಇನ್ನೊಂದು ಕೇಡು ಇದಕ್ಕಿಂತ ಆಳದ್ದು. ಶಕ್ತಿ ತೋರಿಸಿದವನಿಗೆ ಹೊರೆ ಎಂದ ಮೇಲೆ ಶಕ್ತಿ ಬಚ್ಚಿಡುವುದೇ ಜಾಣತನವಾಗುತ್ತದೆ. ಪರೀಕ್ಷೆಯ ದಿನ ತೆವಳು, ಓಟದ ದಿನ ಹಾರು. ನ್ಯಾಯಕ್ಕೆಂದು ತಂದ ನಿಯಮ ಸುಳ್ಳನ್ನು ಸಾಕುತ್ತದೆ. ಆಮೇಲೆ ಆ ಸುಳ್ಳು ಹಿಡಿಯಲು ಇನ್ನಷ್ಟು ನಿಯಮ, ಇನ್ನಷ್ಟು ದಂಡ.

ಎಲ್ಲಕ್ಕೂ ಮಿಗಿಲಾದದ್ದು ಇದು: ಈ ತೂಕದ ಬಗ್ಗೆ ತಂಡಗಳಾಗಲಿ, ಚಾಲಕರಾಗಲಿ ಬಹಿರಂಗವಾಗಿ ಮಾತಾಡಕೂಡದು ಎಂದು 2023ರ ನಿಯಮಪುಸ್ತಕದಲ್ಲೇ ಬರೆದಿಟ್ಟರು. ಮಾತಾಡಿದರೆ ಶಿಕ್ಷೆ. ಹೊರೆ ಹೊರು, ಆದರೆ ಭಾರ ಅನ್ನಬೇಡ!

ದೊಡ್ಡ ಕಂಪನಿಗಳ ಜಗಳ, ನಮಗೇನು ಅನ್ನಬಹುದು. ನಿಜ, ಅವರಿಗಾಗಿ ಅಳುವವರಾರೂ ಇಲ್ಲ. ಆದರೆ ರಾತ್ರಿಯೆಲ್ಲ ಕಣ್ಣು ಮುಚ್ಚದೆ ಬಿಸಿ ಚಕ್ರ ಬಿಚ್ಚಿ ಹಾಕುವ ಮೆಕ್ಯಾನಿಕ್ ಕಂಪನಿಯ ಒಡೆಯನಲ್ಲ. ತನ್ನ ದುಡಿಮೆ ಸೋತದ್ದು ಯಾಕೆ ಅಂತ ಕೇಳುವ ಹಕ್ಕು ಅವನಿಗಿದೆ.

ತೂಕ ಹಾಕುವುದು ತಪ್ಪಲ್ಲ. ಲೆಕ್ಕ ಬಿಚ್ಚಿಡದೆ ಹಾಕುವುದು ತಪ್ಪು. ಹೊತ್ತವನ ಬಾಯಿ ಕಟ್ಟುವುದು ಇನ್ನೂ ದೊಡ್ಡ ತಪ್ಪು. ಪ್ರಶ್ನೆ ಕೇಳಿದರೆ ಅಲುಗಾಡುವ ತಕ್ಕಡಿ ಮೊದಲೇ ನೆಟ್ಟಗಿರಲಿಲ್ಲ.